ಎಚ್-ಇಂಡೆಕ್ಸ್ 14 ಅಥವಾ 9?

ಇವತ್ತು ಪೊನ್ನಂಪೇಟೆಯಲ್ಲಿ ಕಾಫಿ ಕುಡಿಯುವಾಗ ಪಕ್ಕದ ಮೇಜಿನ ಮಾತು: “ಅವರ ಎಚ್-ಇಂಡೆಕ್ಸ್ ಗೂಗಲ್ ಸ್ಕಾಲರ್‌ನಲ್ಲಿ 14, ಸ್ಕೋಪಸ್‌ನಲ್ಲಿ 9. ಯಾವುದು ನಿಜ ಮಾರಾಯ?”

ಎರಡೂ ನಿಜವೇ. ಎಚ್-ಇಂಡೆಕ್ಸ್ ಅಂದ್ರೆ ಒಬ್ಬ ಸಂಶೋಧಕರ ಪ್ರಬಂಧಗಳನ್ನು ಬೇರೆ ಬರಹಗಳು ಎಷ್ಟು ಉಲ್ಲೇಖಿಸಿವೆ ಅನ್ನೋದರ ಅಳತೆ.

ಗೂಗಲ್ ಸ್ಕಾಲರ್ ಅನ್ನೋ ಹುಡುಕುತಾಣ ಥೀಸಿಸ್, ವರದಿಗಳಲ್ಲಿನ ಉಲ್ಲೇಖವನ್ನೂ ಎಣಿಸುತ್ತೆ. ಸ್ಕೋಪಸ್ ಅನ್ನೋ ಪ್ರಬಂಧಗಳ ದತ್ತಸಂಚಯ ತಾನು ಆರಿಸಿಕೊಂಡ ಜರ್ನಲ್, ಪುಸ್ತಕ, ಸಮ್ಮೇಳನದ ಪ್ರಬಂಧಗಳನ್ನಷ್ಟೇ.
14 ಅಂದ್ರೆ, ತಲಾ ಕನಿಷ್ಠ 14 ಉಲ್ಲೇಖ ಪಡೆದ 14 ಪ್ರಬಂಧ. ಒಂದಕ್ಕೇ 200 ಬಂದಿದ್ದರೂ ಅದು ಒಂದೇ ಲೆಕ್ಕ!

ಇನ್ನೊಂದು ಅಳತೆ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್, ಅಂದ್ರೆ ಅದರ ಪ್ರಬಂಧಕ್ಕೆ ಸರಾಸರಿ ಎಷ್ಟು ಉಲ್ಲೇಖ ಅನ್ನೋದು. ಅದು ನೋಡೋದು ಹಿಂದಿನ ಎರಡು ವರ್ಷದ ಪ್ರಬಂಧ ಮಾತ್ರ. ಆದರೆ ಕಾಡಿನ ಸಂಶೋಧನೆಯಲ್ಲಿ, ದೇವರಕಾಡಿನ ಮರಗಳ ಸುತ್ತಳತೆ ಮತ್ತೆ ಅಳೆಯೋಕೇ ಎಷ್ಟೋ ಸಲ ಅದಕ್ಕಿಂತ ಹೆಚ್ಚು ಕಾಯಬೇಕು. ಅವಸರದ ಅಳತೆ, ನಿಧಾನದ ವಿಜ್ಞಾನ.

ಇನ್ನು ಕೊಡವರಲ್ಲಿ ಮನೆಹೆಸರು ಮೊದಲು ಬರುತ್ತಲ್ಲ, ಒಂದು ಪ್ರಬಂಧದಲ್ಲಿ ಹಿಂದುಮುಂದಾದರೆ ಸ್ಕೋಪಸ್‌ನಲ್ಲಿ ಒಬ್ಬರೇ ಇಬ್ಬರಾಗಬಹುದು, ಉಲ್ಲೇಖವೂ ಹಂಚಿಹೋಗುತ್ತೆ. ಮೊದಲು ಸಂಶೋಧಕರನ್ನು ಗುರುತಿಸೋ 16 ಅಂಕಿಯ ಆರ್ಕಿಡ್ (ORCID) ಐಡಿ ಮಾಡಿಸಿ, ಪುಕ್ಕಟೆ. ಆಮೇಲೆ ಎರಡು ಪ್ರೊಫೈಲ್ ಒಂದು ಮಾಡಿ ಅಂತ ಸ್ಕೋಪಸ್‌ಗೇ ಕೋರಿಕೆ ಕಳಿಸಿ.