ಗಡಿ ಬದಲಾದ ವರ್ಷ ಮತದಾರರ ಬೀದಿ ಪಟ್ಟಿ: ಕೌಂಟಿ ಚುನಾವಣಾ ಕಚೇರಿಯ ಕೆಲಸದ ಪಾಠ

ಕ್ಯಾಲಿಫೋರ್ನಿಯಾದ 52 ಕಾಂಗ್ರೆಸ್ ಕ್ಷೇತ್ರಗಳಿಗೂ (ಅಮೆರಿಕದ ಸಂಸತ್ತಿನ ಕೆಳಮನೆಯ ಸೀಟುಗಳು) 2026ರ ನವೆಂಬರ್ 3ರಂದು ಚುನಾವಣೆ. 2025ರ ನವೆಂಬರ್ 4ರಂದು ಮತದಾರರು ಪ್ರೊಪೊಸಿಷನ್ 50ಕ್ಕೆ (ಈ ಕ್ಷೇತ್ರಗಳ ಗಡಿ ಬದಲಿಸಲು ಜನರ ಮತಕ್ಕಿಟ್ಟ ಪ್ರಸ್ತಾವ) ಒಪ್ಪಿಗೆ ಕೊಟ್ಟಿದ್ದರಿಂದ ಈ ಸಲ ಗಡಿಗಳು ಹೊಸವು. 2028 ಮತ್ತು 2030ಕ್ಕೂ ಇವೇ. ಇದರಿಂದ ಯಾವ ಪಕ್ಷಕ್ಕೆ ಎಷ್ಟು ಸೀಟು ಎಂಬ ಲೆಕ್ಕ ಟಿವಿಯವರು ಹಾಕಿಕೊಳ್ಳಲಿ. ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಚುನಾವಣಾ ಕಚೇರಿಯ ನಕ್ಷೆ ವಿಭಾಗದಲ್ಲಿ ಕೂತವರ ತಲೆನೋವೇ ಬೇರೆ: ಪಟ್ಟಿಯಲ್ಲಿರುವ ಪ್ರತಿ ವಿಳಾಸವೂ ಸರಿಯಾದ ಕ್ಷೇತ್ರಕ್ಕೆ ಸೇರಿದೆಯೇ? ಜಿಐಎಸ್ (ಕಂಪ್ಯೂಟರ್ ನಕ್ಷೆಯ ತಂತ್ರ) ಅಥವಾ ಡೇಟಾಬೇಸ್ ಗೊತ್ತಿದ್ದು ಈ ಕೆಲಸಕ್ಕೆ ಹೊಸದಾಗಿ ಬರುವವರಿಗಾಗಿ ಇದನ್ನು ಬರೆದಿದ್ದು.

ಮೊದಲು ಊರಿನ ಅಭ್ಯಾಸ ಬಿಡಬೇಕು. ಕರ್ನಾಟಕದಲ್ಲಿ ಎಂಟು ವಿಧಾನಸಭಾ ಕ್ಷೇತ್ರ ಸೇರಿದರೆ ಒಂದು ಲೋಕಸಭಾ ಕ್ಷೇತ್ರ. 28 ಎಂಟಲೆ 224, ಲೆಕ್ಕ ಚೊಕ್ಕ. ವಿಧಾನಸಭಾ ಕ್ಷೇತ್ರ ಯಾವುದೆಂದು ಗೊತ್ತಾದರೆ ಲೋಕಸಭೆಯದ್ದೂ ಗೊತ್ತಾಯಿತು. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯ ಶಾಸಕಾಂಗದ ಕೆಳಮನೆಗೆ 80 ಅಸೆಂಬ್ಲಿ ಕ್ಷೇತ್ರ, ಮೇಲ್ಮನೆಗೆ 40 ಸೆನೆಟ್ ಕ್ಷೇತ್ರ, 52 ಕಾಂಗ್ರೆಸ್ ಕ್ಷೇತ್ರ. ಒಂದರ ಗಡಿ ಇನ್ನೊಂದರ ಮಾತು ಕೇಳುವುದಿಲ್ಲ. (ಸೆನೆಟ್ ಕ್ಷೇತ್ರಕ್ಕೆ ಹತ್ತಿರಹತ್ತಿರ ಹತ್ತು ಲಕ್ಷ ಜನ, ಕಾಂಗ್ರೆಸ್ ಕ್ಷೇತ್ರಕ್ಕೆ ಸುಮಾರು 7.6 ಲಕ್ಷ. ರಾಜ್ಯದ ಸೀಟು ವಾಷಿಂಗ್ಟನ್ನಿನ ಸೀಟಿಗಿಂತ ದೊಡ್ಡದು.) ಇವುಗಳ ಮೇಲೆ ಶಾಲಾ ಮಂಡಳಿ, ನೀರಿನ ಮಂಡಳಿ, ನಗರಸಭೆಯ ವಾರ್ಡು. ಎಲ್ಲ ಸ್ಪರ್ಧೆಗಳೂ ಒಂದೇ ಮತಪತ್ರದಲ್ಲಿ ಅಚ್ಚಾಗುತ್ತವೆ. ಸ್ಪರ್ಧೆಗಳ ಬೇರೆ ಬೇರೆ ಜೋಡಣೆಗೆ ಬೇರೆ ಬೇರೆ ಬ್ಯಾಲೆಟ್ ಟೈಪ್. ಒಂದು ದೊಡ್ಡ ಕೌಂಟಿಯಲ್ಲಿ ಇದು ಸುಲಭವಾಗಿ ನೂರರ ಲೆಕ್ಕಕ್ಕೆ ಹೋಗುತ್ತದೆ.

ಪ್ರೊಪೊಸಿಷನ್ 50 ಬದಲಿಸಿದ್ದು ಕಾಂಗ್ರೆಸ್ ಗಡಿಯನ್ನು ಮಾತ್ರ. ಅಸೆಂಬ್ಲಿ, ಸೆನೆಟ್ ಗಡಿಗಳು 2021ರಲ್ಲಿ ನಾಗರಿಕ ಆಯೋಗ ಎಳೆದವೇ. ಹಾಗಾಗಿ ಹಳೆಯ ಗಡಿಗಳಿಗೆ ಹೊಂದಿಸಿ ಮಾಡಿದ್ದ, ನಮ್ಮ ಮತಗಟ್ಟೆ ವ್ಯಾಪ್ತಿಯಂಥ ಪ್ರಿಸಿಂಕ್ಟ್‌ಗಳನ್ನು ಹೊಸ ಗೆರೆ ಅಡ್ಡಡ್ಡ ಕತ್ತರಿಸುತ್ತದೆ. ಮತದಾನಕ್ಕೆ 88 ದಿನ ಇರುವಾಗಿನ ನೋಂದಣಿಯಂತೆ ಒಂದು ಪ್ರಿಸಿಂಕ್ಟಿನಲ್ಲಿ 1,000ಕ್ಕಿಂತ ಹೆಚ್ಚು ಮತದಾರರು ಇರುವ ಹಾಗಿಲ್ಲ. ಕತ್ತರಿಸಿದ ಮೇಲೆ ಒಂದು ಕಡೆ 940, ಇನ್ನೊಂದು ಕಡೆ 6 ಮತದಾರರು ಉಳಿಯುವುದುಂಟು. ಆ ಆರು ಜನರಿಗೂ ಪ್ರತ್ಯೇಕ ಬ್ಯಾಲೆಟ್ ಟೈಪ್ ಬೇಕೇ ಬೇಕು. ಪಕ್ಕದ ಪ್ರಿಸಿಂಕ್ಟಿಗೆ ಸೇರಿಸಬೇಕೆಂದರೆ ಎಲ್ಲ ಕ್ಷೇತ್ರಗಳೂ ಒಂದೇ ಆಗಿದೆಯೇ ಎಂದು ಮೊದಲು ನೋಡಿ. ಸೇರಿಸಲು ಆಗದೆ ಆರೇ ಜನ ಉಳಿದರೆ ಫಲಿತಾಂಶ ಪ್ರಕಟಿಸುವಾಗ ಅವರ ಮತದ ಗುಟ್ಟು ಹೊರಬೀಳದ ಹಾಗೆ ವರದಿ ವಿಭಾಗದವರಿಗೆ ಅದನ್ನು ಮೊದಲೇ ತಿಳಿಸಬೇಕು.

ಈಗ ಮುಖ್ಯ ವಿಷಯ. ಮತದಾರನಿಗೆ ಮತಪತ್ರ ಬರುವುದು ನಕ್ಷೆಯಿಂದಲ್ಲ, ಬೀದಿ ಪಟ್ಟಿಯಿಂದ. ಕಾನೂನಿನ ಕಣ್ಣಲ್ಲಿ ಕ್ಷೇತ್ರವೆಂದರೆ 2020ರ ಜನಗಣತಿಯ ಬ್ಲಾಕುಗಳ (ಗಣತಿಗೆ ಮಾಡಿಕೊಂಡ ಅತಿ ಚಿಕ್ಕ ಪ್ರದೇಶಗಳ) ಪಟ್ಟಿ. ಆದರೆ ನೋಂದಣಿ ತಂತ್ರಾಂಶಕ್ಕೆ ಬ್ಲಾಕ್ ಗೊತ್ತಿಲ್ಲ. ಅದರ ಹತ್ತಿರ ಇರುವುದು ಸಾಲುಗಳು. ಓಕ್ ಸ್ಟ್ರೀಟ್, 1201ರಿಂದ 1299, ಬೆಸ, ಇಂಥ ಪ್ರಿಸಿಂಕ್ಟ್. ಅದರ ಕೆಳಗೆ 1200ರಿಂದ 1298, ಸರಿ, ಬೇರೆ ಪ್ರಿಸಿಂಕ್ಟ್. ಕ್ಷೇತ್ರಗಳ ಜನಸಂಖ್ಯೆ ಸಮವಾಗಿರಬೇಕೆಂದು ಸುಪ್ರೀಂ ಕೋರ್ಟ್ 1964ರ ವೆಸ್‌ಬೆರಿ ತೀರ್ಪಿನಲ್ಲಿ ಹೇಳಿದ ಮೇಲೆ, ಆ ಸಮಕ್ಕಾಗಿ ಗಡಿ ಎಲ್ಲೋ ಒಂದು ಕಡೆ ಮನೆಗಳಿರುವ ಬೀದಿಯ ನಟ್ಟನಡುವೆಯೇ ಹೋಗಬೇಕಾಗುತ್ತದೆ. ಅಲ್ಲಿ 'ಬೆಸ' ಎಂದಿರಬೇಕಾದ ಸಾಲಿನಲ್ಲಿ 'ಎರಡೂ' ಎಂದು ಉಳಿದರೆ ಎದುರು ಸಾಲಿನ ಮನೆಗಳೆಲ್ಲ ತಪ್ಪು ಕ್ಷೇತ್ರಕ್ಕೆ ಹೋದವು. ನಕ್ಷೆ ತೆರೆದು ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಅದೇ ಮೋಸ.

ನ್ಯಾಶ್‌ವಿಲ್‌ನಲ್ಲಿ (ಟೆನೆಸ್ಸೀ ರಾಜ್ಯ) 2022ರಲ್ಲಿ ಆಗಿದ್ದು ಇದೇ ಜಾತಿಯ ಎಡವಟ್ಟು. ಆ ನಗರವಿರುವ ಡೇವಿಡ್‌ಸನ್ ಕೌಂಟಿಯನ್ನು 5, 6 ಮತ್ತು 7ನೇ ಕಾಂಗ್ರೆಸ್ ಕ್ಷೇತ್ರಗಳಿಗೆ ಹಂಚಿದ ವರ್ಷ ಅದು. ಮುಂಗಡ ಮತದಾನ ನಡೆಯುತ್ತಿದ್ದಾಗ ಗಡಿಯಂಚಿನ ಮತದಾರರಿಗೆ ಬೇರೆ ಕ್ಷೇತ್ರದ ಮತಪತ್ರ ಸಿಗುತ್ತಿರುವುದು ಗೊತ್ತಾಯಿತು. ಅಷ್ಟರೊಳಗೆ 400ಕ್ಕೂ ಹೆಚ್ಚು ಜನ ತಪ್ಪು ಸ್ಪರ್ಧೆಗೆ ಮತ ಹಾಕಿಯಾಗಿತ್ತು. ವರ್ಜೀನಿಯಾದಲ್ಲಿ 2017ರ ಶಾಸನಸಭಾ ಚುನಾವಣೆಯ 28ನೇ ಕ್ಷೇತ್ರದ ಕಥೆ ಇನ್ನೂ ಕೆಟ್ಟದು. ಮರುಎಣಿಕೆಯ ನಂತರ ಗೆಲುವಿನ ಅಂತರ 73 ಮತ, ತಪ್ಪು ಮತಪತ್ರ ಪಡೆದವರು ಅದಕ್ಕಿಂತ ಹೆಚ್ಚು. ಲಕೋಟೆಯಿಂದ ಮತಪತ್ರ ಬೇರೆಯಾದ ಮೇಲೆ ಯಾರ ಮತ ಯಾವುದೆಂದು ಹುಡುಕಲು ಆಗುವುದಿಲ್ಲ, ಆಗಲೂಬಾರದು. ಸರಿಪಡಿಸುವ ದಾರಿ ಅಲ್ಲಿಗೆ ಮುಗಿಯಿತು.

ತಪ್ಪು ಎಲ್ಲೆಲ್ಲಿ ಹುಟ್ಟುತ್ತದೆ ನೋಡಿ. ವಿಳಾಸವನ್ನು ನಕ್ಷೆಯ ಚುಕ್ಕೆಯಾಗಿಸುವ ಮಾಮೂಲಿ ಜಿಯೋಕೋಡರ್ ತಂತ್ರಾಂಶ ಮನೆ ನಂಬರನ್ನು ಬೀದಿಯ ಉದ್ದಕ್ಕೆ ಅಂದಾಜಿನಲ್ಲಿ ಹಂಚಿ ಚುಕ್ಕೆ ಇಡುತ್ತದೆ. ಮೂಲೆಮನೆಗಳ ಚುಕ್ಕೆ ಪಕ್ಕದ ಬ್ಲಾಕಿಗೆ ಜಾರುವುದು ಇದರಿಂದಲೇ. ಕೌಂಟಿ ಅಸೆಸರ್ (ಆಸ್ತಿ ತೆರಿಗೆಗೆ ಬೆಲೆ ಕಟ್ಟುವವರು) ಕಚೇರಿಯ ಪಾರ್ಸೆಲ್ (ನಿವೇಶನ) ನಕ್ಷೆ ಅಥವಾ ತುರ್ತುಸೇವೆಯವರು ಬಳಸುವ ವಿಳಾಸ ಬಿಂದುಗಳನ್ನೇ ತೆಗೆದುಕೊಳ್ಳಿ.

ಎರಡನೆಯದು ಅಡಿಯ ಲೆಕ್ಕ. ನಕ್ಷೆಯ ಮೇಲಿನ ಜಾಗವನ್ನು ಅಂಕಿಗಳಲ್ಲಿ ಗುರುತಿಸುವ ಕ್ಯಾಲಿಫೋರ್ನಿಯಾದ ಸ್ಟೇಟ್ ಪ್ಲೇನ್ ವ್ಯವಸ್ಥೆಯಲ್ಲಿ ಪೂರ್ವ ದಿಕ್ಕಿನ ಲೆಕ್ಕ ಶುರುವಾಗುವುದು 20 ಲಕ್ಷ ಮೀಟರಿನಿಂದ, ಅಂದರೆ ಸುಮಾರು 65.6 ಲಕ್ಷ ಅಡಿ. ಯುಎಸ್ ಸರ್ವೆ ಅಡಿಗೂ ಅಂತರರಾಷ್ಟ್ರೀಯ ಅಡಿಗೂ ಇರುವ ಅಂತರ ಹತ್ತು ಲಕ್ಷಕ್ಕೆ ಎರಡು ಪಾಲು ಮಾತ್ರ. ಆದರೂ 65.6 ಲಕ್ಷದ ಮೇಲೆ ಅದು 13 ಅಡಿಯಾಗುತ್ತದೆ. ಫೈಲ್ ತೆರೆಯುವಾಗ ತಪ್ಪು ಅಡಿ ಆರಿಸಿದರೆ ಇಡೀ ಗಡಿ 13 ಅಡಿ ಪಕ್ಕಕ್ಕೆ ಸರಿದು, ಬೀದಿಯ ಅಂಚಿನುದ್ದಕ್ಕೂ ಸಣ್ಣ ಚೂರು ಪಾಲಿಗನ್‌ಗಳು ಏಳುತ್ತವೆ. ಜನಗಣತಿಯ ಗೆರೆಗಳು ಕೌಂಟಿಯ ಬೀದಿಗೆರೆಗಳ ಮೇಲೆ ಕರಾರುವಾಕ್ಕಾಗಿ ಕೂರದಿರುವುದರಿಂದಲೂ ಇಂಥ ಚೂರುಗಳು ಬರುತ್ತವೆ. ವಿಸ್ತೀರ್ಣ ಕಡಿಮೆ ಎಂದು ಒಂದೇ ಏಟಿಗೆ ಎಲ್ಲವನ್ನೂ ಅಳಿಸಬೇಡಿ. ಚೂರಿನಲ್ಲಿ ಮನೆ ಇದೆಯೇ ನೋಡಿ. ಇಲ್ಲದಿದ್ದರೆ ಮಾತ್ರ ಗಡಿಯನ್ನು ಕೌಂಟಿಯ ಬೀದಿಗೆರೆಗೆ ಕೂರಿಸಿ.

ಇನ್ನುಳಿದವು ಚಿಕ್ಕವು, ಆದರೆ ಪ್ರತಿ ಸಲವೂ ಸಿಗುತ್ತವೆ: 'ನಾರ್ತ್ ಮೇನ್' ಮತ್ತು 'ಸೌತ್ ಮೇನ್' ಅದಲುಬದಲು, 2020ರ ನಂತರ ಕಟ್ಟಿದ ಅಪಾರ್ಟ್‌ಮೆಂಟ್‌ಗೆ ಸಾಲೇ ಇಲ್ಲದಿರುವುದು, ವಾಸದ ವಿಳಾಸದ ಬದಲು ಅಂಚೆ ವಿಳಾಸದ ಮೇಲೆ ಕ್ಷೇತ್ರ ಹಾಕಿರುವುದು. ಜಿಪ್ ಕೋಡ್ (ಅಲ್ಲಿನ ಪಿನ್ ಕೋಡ್) ನೋಡಿ ಕ್ಷೇತ್ರ ಹೇಳುವ ಚಾಳಿಯನ್ನಂತೂ ಮೊದಲ ದಿನವೇ ಬಿಡಿಸಬೇಕು.

ಪರಿಶೀಲನೆಗೆ ಒಂದೇ ದಾರಿ ಸಾಲದು. ಬೀದಿ ಪಟ್ಟಿ ಕೊಟ್ಟ ಕ್ಷೇತ್ರವನ್ನು ಒಂದು ಕಾಲಂನಲ್ಲಿ ಇಡಿ. ಬೀದಿ ಪಟ್ಟಿಯನ್ನು ಮುಟ್ಟದೆ, ವಿಳಾಸ ಬಿಂದುವನ್ನು ರಾಜ್ಯದ ಮೂಲ ಗಡಿ ಫೈಲಿನ ಮೇಲೆ ಇಟ್ಟು ಬಂದ ಕ್ಷೇತ್ರವನ್ನು ಇನ್ನೊಂದರಲ್ಲಿ ಇಡಿ. ಎರಡೂ ಹೊಂದದ ಸಾಲುಗಳೇ ನಿಮ್ಮ ಕೆಲಸದ ಪಟ್ಟಿ. ಹೊಂದಿದರೂ, ಗಡಿಯಿಂದ 100 ಅಡಿಯೊಳಗಿನ ಎಲ್ಲ ವಿಳಾಸಗಳನ್ನು ಬೇರೆ ತೆಗೆದು ಕಣ್ಣಿಂದಲೇ ನೋಡಿ. ಈ ಎರಡನೆಯ ಲೆಕ್ಕವನ್ನು ಮೊದಲನೆಯದು ಮಾಡಿದವರಿಗೆ ಕೊಡಬೇಡಿ. ಒಂದೇ ತಲೆ ಒಂದೇ ತಪ್ಪನ್ನು ಎರಡು ಸಲ ಮಾಡುತ್ತದೆ. ಕಡೆಗೆ ಮೊತ್ತ ತಾಳೆ ನೋಡಿ: ಯಾವ ಮತದಾರನಿಗೂ ಎರಡು ಕಾಂಗ್ರೆಸ್ ಕ್ಷೇತ್ರ ಇರಬಾರದು, ಯಾರೂ ಖಾಲಿ ಉಳಿಯಬಾರದು, ಕ್ಷೇತ್ರವಾರು ಕೂಡಿದರೆ ಕೌಂಟಿಯ ಒಟ್ಟು ಸಂಖ್ಯೆ ಬರಬೇಕು. ಕಟ್ಟಡದ ಮಧ್ಯೆಯೇ ಗಡಿ ಹಾದರೆ ನೀವೇ ತೀರ್ಮಾನಿಸದೆ ಕೌಂಟಿ ವಕೀಲರಿಗೆ ಕಳಿಸಿ, ಅವರ ಉತ್ತರವನ್ನು ಬರಹದಲ್ಲೇ ಪಡೆಯಿರಿ.

ಇಷ್ಟಕ್ಕೆಲ್ಲ ಸಮಯವೆಷ್ಟು? ಗೋಡೆಯ ಮೇಲೆ ನವೆಂಬರ್ 3 ಎಂದು ಬರೆದಿರುತ್ತಾರೆ. ಅದು ನಮ್ಮ ಗಡುವಲ್ಲ. ಅಭ್ಯರ್ಥಿಗಳ ಅಧಿಕೃತ ಪಟ್ಟಿ ಬರುವುದು 68 ದಿನ ಮುಂಚೆ, ಆಗಸ್ಟ್ 27ಕ್ಕೆ. ಸೈನಿಕರಿಗೆ ಮತ್ತು ವಿದೇಶದಲ್ಲಿರುವ ಮತದಾರರಿಗೆ 45 ದಿನ ಮುಂಚೆ, ಸೆಪ್ಟೆಂಬರ್ 19ರೊಳಗೆ ಮತಪತ್ರ ಕಳಿಸಬೇಕೆಂಬುದು ಫೆಡರಲ್ ಕಾನೂನು. ನಡುವೆ ಮೂರು ವಾರ ಚಿಲ್ಲರೆ. ಆ ದಿನಗಳು ಮತಪತ್ರದ ಪ್ರೂಫ್ (ಅಚ್ಚಿಗೆ ಮುಂಚಿನ ಕರಡು) ನೋಡುವುದಕ್ಕೇ ಸಾಲುವುದಿಲ್ಲ, ಬೀದಿ ಪಟ್ಟಿ ಅದಕ್ಕೂ ಮೊದಲೇ ಮುಗಿದಿರಬೇಕು. ರಾಜ್ಯದ ಉಳಿದ ಮತದಾರರೆಲ್ಲರಿಗೂ ಅಂಚೆಯಲ್ಲಿ ಮತಪತ್ರ ಹೊರಡುವುದು ಅಕ್ಟೋಬರ್ 5ಕ್ಕೆ.

ಪ್ರೂಫ್‌ನಲ್ಲಿ ಕಾಡುವುದು ಹೆಸರುಗಳ ಕ್ರಮ. ಕ್ಯಾಲಿಫೋರ್ನಿಯಾದಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಚೀಟಿ ಎತ್ತಿ ಹೊಸ ಅಕ್ಷರಮಾಲೆ ಮಾಡುತ್ತಾರೆ, ಅದೇ ಕ್ರಮ ಮನೆತನದ ಹೆಸರಿನ (ಸರ್ ನೇಮ್) ಪ್ರತಿ ಅಕ್ಷರಕ್ಕೂ ಅನ್ವಯ. ಅಷ್ಟೇ ಅಲ್ಲದೆ, ಕಾಂಗ್ರೆಸ್ ಸ್ಪರ್ಧೆಯಲ್ಲಿ ಅಸೆಂಬ್ಲಿ ಕ್ಷೇತ್ರ ಬದಲಾದ ಹಾಗೆಲ್ಲ ಮೊದಲ ಹೆಸರು ಕೊನೆಗೆ ಹೋಗಿ ಉಳಿದವು ಮೇಲೇರುತ್ತವೆ. ಪ್ರೈಮರಿಯಲ್ಲಿ (ನವೆಂಬರಿಗೆ ಮುಂಚಿನ ಮೊದಲ ಸುತ್ತು) ಹತ್ತು ಹೆಸರುಗಳಿದ್ದರೆ ತಪ್ಪಿದ್ದು ಎದ್ದು ಕಾಣುತ್ತದೆ. ನವೆಂಬರಿನಲ್ಲಿ ಪ್ರೈಮರಿಯ ಮೊದಲ ಇಬ್ಬರು ಮಾತ್ರ ಉಳಿಯುವುದರಿಂದ ಸರಿ ಕ್ರಮ, ತಪ್ಪು ಕ್ರಮ ಎರಡೂ ನೋಡಲು ಸಹಜವಾಗಿಯೇ ಇರುತ್ತವೆ. ಬ್ಯಾಲೆಟ್ ಟೈಪ್, ಅಸೆಂಬ್ಲಿ ಕ್ಷೇತ್ರ, ಮೊದಲು ಬರಬೇಕಾದ ಹೆಸರು ಎಂದು ಮೂರು ಕಾಲಂ ಚೀಟಿ ಮಾಡಿಕೊಂಡು, ಒಬ್ಬರು ಜೋರಾಗಿ ಓದಿ ಇನ್ನೊಬ್ಬರು ಟಿಕ್ ಹಾಕುವುದೇ ವಾಸಿ.

ಎಣಿಕೆ ಯಂತ್ರದ ಪರೀಕ್ಷೆಗೂ ಇದೇ ಎಚ್ಚರ ಬೇಕು. ಮಾದರಿ ಮತಪತ್ರಗಳಲ್ಲಿ ಇಬ್ಬರಿಗೂ ಐದೈದು ಮತ ಗುರುತು ಮಾಡಿದರೆ ಹೆಸರು ಅದಲುಬದಲಾದರೂ ಯಂತ್ರ 'ಸರಿ' ಎನ್ನುತ್ತದೆ. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಎರಡು, ಜೊತೆಗೊಂದು ಖಾಲಿ, ಎರಡೂ ಕಡೆ ಗುರುತಿರುವುದೊಂದು, ಹೀಗೆ ಕೊಡಿ. ಮುದ್ರಕರಿಂದ ಬಂದ ಅಸಲು ಕಾಗದವನ್ನೇ, ಅಂಚೆಗೆ ಮಡಚುವಂತೆಯೇ ಮಡಚಿ ಹಾಕಿ. ನ್ಯೂ ಹ್ಯಾಂಪ್‌ಶೈರ್‌ನ ವಿಂಡ್‌ಹ್ಯಾಮ್‌ನಲ್ಲಿ 2020ರಲ್ಲಿ ಮಡಿಕೆಯ ಗೆರೆ ಅಭ್ಯರ್ಥಿಯ ಗುರುತಿನ ವೃತ್ತದ ಮೇಲೆ ಬಿದ್ದು, ಯಂತ್ರ ಅದನ್ನೇ ಮತವೆಂದು ಓದಿತ್ತು.

ಫೋನಿನಲ್ಲಿ ಬರುವ ಪ್ರಶ್ನೆ ಮುಖ್ಯವಾಗಿ ಒಂದೇ: 'ಮನೆ ಬದಲಿಸಿಲ್ಲ, ನಮ್ಮ ಸದಸ್ಯರ ಹೆಸರು ಮತಪತ್ರದಲ್ಲಿ ಯಾಕಿಲ್ಲ?' ಈಗಿನ ಸದಸ್ಯರು 2027ರ ಜನವರಿ 3ರವರೆಗೆ ಹಳೆಯ ಗಡಿಯವರನ್ನೇ ಪ್ರತಿನಿಧಿಸುತ್ತಾರೆ, ಮತಪತ್ರ ಮಾತ್ರ ಹೊಸ ಗಡಿಯದು ಎಂದು ಉತ್ತರಿಸಿ. ಆದರೆ ವಿಳಾಸ ಕೇಳಿ ಗಡಿ ನೋಡದೆ ಫೋನ್ ಇಡಬೇಡಿ. ನಿಜವಾದ ತಪ್ಪುಗಳೂ ಇದೇ ಪ್ರಶ್ನೆಯಾಗಿಯೇ ಬರುತ್ತವೆ.

ಮತಪತ್ರ ಅಂಚೆಗೆ ಹೋದ ಮೇಲೆ ತಪ್ಪು ಸಿಕ್ಕರೆ ಮೊದಲು ಆ ಸಾಲಿನ ಎಲ್ಲ ಮತದಾರರನ್ನೂ ಹುಡುಕಿ, ದೂರು ಕೊಟ್ಟವರನ್ನು ಮಾತ್ರ ಅಲ್ಲ. ಹಳೆಯ ಮತಪತ್ರವನ್ನು ತಂತ್ರಾಂಶದಲ್ಲಿ ರದ್ದು ಮಾಡಿ, ಹೊಸ ಲಕೋಟೆ, ಹೊಸ ಬಾರ್‌ಕೋಡ್, ಒಂದು ವಿವರಣೆಯ ಪತ್ರದೊಡನೆ ಮತ್ತೆ ಕಳಿಸಿ. ಹಿಂದಿರುಗಿದ ಲಕೋಟೆಗಳನ್ನು ತೆರೆಯುವ ಕೆಲಸ ಮತದಾನದ ದಿನಕ್ಕಿಂತ ಬಹಳ ಮುಂಚೆಯೇ ನಡೆಯುತ್ತಿರುತ್ತದೆ. ಆ ವಿಭಾಗಕ್ಕೆ ಬಾಯಿಮಾತಿನಲ್ಲಿ ಹೇಳಿದರೆ ಪ್ರಯೋಜನವಿಲ್ಲ. ಬಾರ್‌ಕೋಡ್ ಸಂಖ್ಯೆಗಳ ಫೈಲ್ ಕೊಟ್ಟು, ವಿಂಗಡಣೆ ಯಂತ್ರ ಆ ಲಕೋಟೆಗಳನ್ನು ಬೇರೆ ಗೂಡಿಗೆ ಹಾಕುವುದನ್ನು ನೋಡಿಕೊಂಡೇ ಅಲ್ಲಿಂದ ಹೊರಡಿ.