ಎಲ್ಲಿ ನಿಂತಿದ್ದ, ಏನು ಮಾಡಿದ

ಬೆಂಗಳೂರಿನ ಮೈದಾನಗಳಲ್ಲಿ ರಜಾದಿನಗಳಂದು ಫುಟ್‌ಬಾಲ್ ಪಂದ್ಯ ನಡೆಯುವಾಗ ಪಕ್ಕದ ಗೆರೆಯ ಮೇಲೆ ಬಾವುಟ ಹಿಡಿದು ಅಡ್ಡಡ್ಡ ಹೆಜ್ಜೆ ಹಾಕುವವರಲ್ಲಿ ನಾನೂ ಒಬ್ಬ. ಸಹಾಯಕ ರೆಫರಿ ಎಂದು ನಿಯಮ ಪುಸ್ತಕ ಹೇಳಿದರೂ ಹುಡುಗರ ಬಾಯಲ್ಲಿ ನಾವು ಇಂದಿಗೂ ಲೈನ್ಸ್‌ಮನ್‌ಗಳೇ. ಈ ಕೆಲಸದಲ್ಲಿ ನಾನು ಎತ್ತಿದ ಬಾವುಟಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಒಂದು ಮಾತ್ರ ಇನ್ನೂ ಮನಸ್ಸಿನಿಂದ ಇಳಿದಿಲ್ಲ.

17 ವರ್ಷದೊಳಗಿನವರ ಪಂದ್ಯ. 1-1 ಸಮ. ಮುಂದಿನ ಸುತ್ತಿಗೆ ಹೋಗಲು ಕೆಂಪು ಅಂಗಿಯ ತಂಡಕ್ಕೆ ಗೆಲುವು ಬೇಕೇ ಬೇಕಿತ್ತು, ಉಳಿದದ್ದು ನಾಲ್ಕೈದು ನಿಮಿಷ. ಪೆನಾಲ್ಟಿ ಪ್ರದೇಶದ ಹೊರಗಿನಿಂದ ಅವರ ಹುಡುಗನೊಬ್ಬ ಚೆಂಡನ್ನು ನೆಲಮಟ್ಟದಲ್ಲಿ ಬಾರಿಸಿದ. ಅವರದೇ 9ನೇ ಸಂಖ್ಯೆಯವನು ರಕ್ಷಣಾ ಆಟಗಾರರಿಗಿಂತ ಎರಡು ಹೆಜ್ಜೆ ಮುಂದೆ, ಗೋಲ್‌ಕೀಪರ್‌ನ ಸಮೀಪ ನಿಂತಿದ್ದ. ಚೆಂಡು ಬಲೆ ಸೇರುವಷ್ಟರಲ್ಲಿ ನನ್ನ ಕೈ ಮೇಲಿತ್ತು. ರೆಫರಿ ಶಿಳ್ಳೆ ಹಾಕಿದರು, ಗೋಲು ರದ್ದಾಯಿತು, ಪಂದ್ಯ ಸಮವಾಗಿ ಮುಗಿಯಿತು. ಕೆಂಪು ಅಂಗಿಯ ಹುಡುಗರು ಹುಲ್ಲಿನ ಮೇಲೆ ಕುಳಿತು ಅತ್ತರು.

ಗೋಲಿನ ಹಿಂದೆ ನಿಂತು ಮೊಬೈಲಿನಲ್ಲಿ ಚಿತ್ರೀಕರಿಸಿದ್ದ ತಂದೆಯೊಬ್ಬರು ನನ್ನ ಬಳಿ ಬಂದರು. ಬೈಯಲಿಲ್ಲ, ಜಗಳವಾಡಲಿಲ್ಲ. "ಸರ್, ಒಂದು ಸಲ ನೋಡಿ" ಎಂದಷ್ಟೇ ಹೇಳಿ ಪರದೆಯನ್ನು ನನ್ನತ್ತ ಹಿಡಿದರು. ಬಾರಿಸಿದ ಕ್ಷಣದಿಂದ ಗೋಲ್‌ಕೀಪರ್‌ಗೆ ಚೆಂಡು ನಿಚ್ಚಳವಾಗಿ ಕಾಣುತ್ತಿತ್ತು. 9ನೇ ಸಂಖ್ಯೆಯವನು ಅವನ ನೋಟದ ದಾರಿಯಿಂದ ಒಂದು ಮಾರು ಪಕ್ಕಕ್ಕಿದ್ದ. ಚೆಂಡಿನತ್ತ ಕಾಲು ಚಾಚಿರಲಿಲ್ಲ, ಕದಲಿಯೂ ಇರಲಿಲ್ಲ. ಗೋಲ್‌ಕೀಪರ್ ಸರಿಯಾಗಿಯೇ ಹಾರಿದ್ದ, ಬೆರಳು ಮುಟ್ಟಲಿಲ್ಲ, ಅಷ್ಟೇ.

ಬೂಟು ಬಿಚ್ಚುತ್ತಾ ಕುಳಿತಿದ್ದ ಹಿರಿಯ ರೆಫರಿ ಕೇಳಿದರು: "ಯಾಕಪ್ಪಾ ಬಾವುಟ ಎತ್ತಿದೆ?"

"ಆಫ್‌ಸೈಡಿನಲ್ಲಿದ್ದ, ಸರ್."

"ಇದ್ದ, ಒಪ್ಪಿದೆ. ಏನು ಮಾಡಿದ?"

ನನ್ನ ಬಳಿ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನು ನಾನು ಕೇಳಿಕೊಂಡೇ ಇರಲಿಲ್ಲ.

ಆಫ್‌ಸೈಡ್ ಇರುವುದು ಫುಟ್‌ಬಾಲ್‌ನ ನಿಯಮ 11ರಲ್ಲಿ. ತನ್ನ ತಂಡದವನು ಚೆಂಡನ್ನು ಆಡುವ ಕ್ಷಣದಲ್ಲಿ ಎದುರಾಳಿಯ ಅರ್ಧದಲ್ಲಿ, ಚೆಂಡಿಗಿಂತಲೂ ಕೊನೆಯಿಂದ ಎರಡನೇ ಎದುರಾಳಿಗಿಂತಲೂ ಗೋಲಿಗೆ ಹತ್ತಿರವಿದ್ದರೆ ಅದು ಆಫ್‌ಸೈಡ್ ಸ್ಥಾನ. ಆ ಸ್ಥಾನದಲ್ಲಿ ನಿಲ್ಲುವುದು ತಪ್ಪೇ ಅಲ್ಲ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ತಪ್ಪಾಗಬೇಕಾದರೆ ಅಲ್ಲಿರುವವನು ಚೆಂಡನ್ನು ಆಡಬೇಕು, ಅಥವಾ ಎದುರಾಳಿಗೆ ಅಡ್ಡಿಯಾಗಬೇಕು: ಅವನ ನೋಟಕ್ಕೆ ಸ್ಪಷ್ಟವಾಗಿ ಅಡ್ಡ ನಿಲ್ಲಬೇಕು, ಚೆಂಡಿಗಾಗಿ ಅವನೊಡನೆ ಸೆಣಸಬೇಕು, ಹತ್ತಿರದ ಚೆಂಡಿಗೆ ಕಾಲು ಹಾಕಲು ಹೋಗಿ ಅವನನ್ನು ಬಾಧಿಸಬೇಕು, ಅಥವಾ ಎದ್ದು ಕಾಣುವಂಥ ಏನನ್ನಾದರೂ ಮಾಡಿ ಅವನು ಚೆಂಡನ್ನು ಆಡದಂತೆ ಕೆಡಿಸಬೇಕು. ಕಂಬಕ್ಕೋ ಗೋಲ್‌ಕೀಪರ್‌ಗೋ ಬಡಿದು ಬಂದ ಚೆಂಡಿನ ಲಾಭ ಪಡೆದರೂ ತಪ್ಪೇ. ಇದೆಲ್ಲ ನನಗೆ ಬಾಯಿಪಾಠವಾಗಿತ್ತು. ಆದರೆ ನಾನು ನಿಲ್ಲುವುದು ಪಕ್ಕದ ಗೆರೆಯಲ್ಲಿ. ಯಾರು ಯಾರಿಗಿಂತ ಮುಂದಿದ್ದಾರೆ ಎಂಬುದು ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಗೋಲ್‌ಕೀಪರ್‌ನ ಕಣ್ಣಿಗೂ ಚೆಂಡಿಗೂ ನಡುವೆ ಯಾರಿದ್ದಾರೆ ಎಂಬುದು ಕಾಣುವುದಿಲ್ಲ. ಅದು ಕಾಣುವುದು ನಡುವಿನಲ್ಲಿರುವ ರೆಫರಿಗೆ. ಅವರು ನೋಡಬೇಕಾದುದನ್ನು ನಾನು ಊಹಿಸಿದ್ದೆ, ನನ್ನ ಊಹೆಯನ್ನು ಅವರು ನಂಬಿದ್ದರು.

ವಿಡಿಯೊ ಪರಿಶೀಲನೆ ಬಂದರೆ ಇಂಥ ತಾಪತ್ರಯ ತಪ್ಪುತ್ತದೆ ಎಂದು ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. 2022ರ ಕತಾರ್ ವಿಶ್ವಕಪ್‌ನಲ್ಲಿ ಚಾವಣಿಯಡಿಯ 12 ಕ್ಯಾಮೆರಾಗಳು ಆಟಗಾರರ ಕೈಕಾಲುಗಳನ್ನು ಹಿಂಬಾಲಿಸುತ್ತಿದ್ದವು, ಚೆಂಡಿನೊಳಗಿನ ಸಂವೇದಕ ಸೆಕೆಂಡಿಗೆ 500 ಬಾರಿ ಮಾಹಿತಿ ಕಳುಹಿಸುತ್ತಿತ್ತು. ಎಲ್ಲಿ ನಿಂತಿದ್ದ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ. ಏನು ಮಾಡಿದ ಎಂಬುದನ್ನು ತೀರ್ಮಾನಿಸುವುದು ಈಗಲೂ ಮನುಷ್ಯರೇ.

2023ರ ಜನವರಿ 14ರ ಮ್ಯಾಂಚೆಸ್ಟರ್ ಡರ್ಬಿಯನ್ನು, ಅಂದರೆ ಒಂದೇ ಊರಿನ ಯುನೈಟೆಡ್ ಮತ್ತು ಸಿಟಿ ತಂಡಗಳ ಪಂದ್ಯವನ್ನು, ನಾನು ಎಷ್ಟು ಸಲ ನೋಡಿದ್ದೇನೋ. ಆಫ್‌ಸೈಡ್ ಸ್ಥಾನದಲ್ಲಿದ್ದ ಯುನೈಟೆಡ್‌ನ ಮಾರ್ಕಸ್ ರ‍್ಯಾಶ್‌ಫರ್ಡ್ ಚೆಂಡಿನ ಬೆನ್ನು ಹತ್ತಿ ಓಡಿದ, ಮುಟ್ಟಲಿಲ್ಲ. ಹಿಂದಿನಿಂದ ಬಂದ ಬ್ರೂನೊ ಫರ್ನಾಂಡಿಸ್ ಗೋಲು ಹೊಡೆದ. ಸಹಾಯಕ ರೆಫರಿ ಬಾವುಟ ಎತ್ತಿದ್ದರು, ಆದರೂ ಗೋಲು ರದ್ದಾಗದೆ ಉಳಿಯಿತು. ಯುನೈಟೆಡ್ 2-1ರಿಂದ ಗೆದ್ದಿತು. ನನ್ನ ಮಟ್ಟಿಗೆ ಅದು ತಪ್ಪು ತೀರ್ಪು. ಅಷ್ಟು ದೂರ ಚೆಂಡನ್ನು ತನ್ನದೆಂಬಂತೆ ಕಾಲ ಮುಂದಿಟ್ಟುಕೊಂಡು ಓಡಿದವನನ್ನು ನೋಡಿ ರಕ್ಷಣಾ ಆಟಗಾರರೂ ಗೋಲ್‌ಕೀಪರೂ ಹೆಜ್ಜೆ ಬದಲಿಸಿದ್ದರು. ಮುಟ್ಟಿದನೇ ಎಂದು ಅವನ ಕಾಲನ್ನೇ ನೋಡುತ್ತಿದ್ದರೆ ಇದು ಕಾಣುವುದಿಲ್ಲ, ಎದುರಾಳಿಗಳನ್ನು ನೋಡಬೇಕು.

2025ರ ನವೆಂಬರ್ 9ರಂದು ಮ್ಯಾಂಚೆಸ್ಟರ್ ಸಿಟಿ ವಿರುದ್ಧ ಲಿವರ್‌ಪೂಲ್‌ನ ವರ್ಜಿಲ್ ವಾನ್ ಡೈಕ್ ತಲೆಯಿಂದ ಹೊಡೆದ ಗೋಲು ರದ್ದಾದಾಗ ನಮ್ಮ ರೆಫರಿಗಳ ಗುಂಪು ಎರಡು ಹೋಳಾಯಿತು. ಗೋಲ್‌ಕೀಪರ್‌ನ ಮುಂದೆ ಆಫ್‌ಸೈಡ್ ಸ್ಥಾನದಲ್ಲಿದ್ದ ಅವನ ಸಹ ಆಟಗಾರ ಆಂಡಿ ರಾಬರ್ಟ್‌ಸನ್ ತಲೆ ತಗ್ಗಿಸಿದ, ಚೆಂಡು ಅವನ ಮೇಲಿಂದ ಹಾದು ಒಳಹೋಯಿತು. ಮುಟ್ಟಲಿಲ್ಲವಲ್ಲ ಎಂದರು ಕೆಲವರು. ತಗ್ಗುವುದೂ ಒಂದು ಕ್ರಿಯೆಯೇ ಎಂದರು ಉಳಿದವರು, ನಾನೂ ಅವರ ಪಕ್ಷ. ಮೈದಾನದಲ್ಲಿ ಕೊಟ್ಟ ತೀರ್ಪು ಎದ್ದು ಕಾಣುವಷ್ಟು ತಪ್ಪಾಗಿದ್ದರೆ ಮಾತ್ರ ವಿಡಿಯೊ ಕೊಠಡಿ ಕೈ ಹಾಕಬಹುದು. ಇಂಥ ಅರ್ಧಂಬರ್ಧ ಪ್ರಕರಣದಲ್ಲಿ ಮೊದಲ ತೀರ್ಪೇ ಉಳಿಯುತ್ತದೆ. ಕ್ಯಾಮೆರಾ ಬಂದ ಮೇಲೂ ಗೆರೆಯ ಪಕ್ಕದವನ ಮಾತಿನ ತೂಕ ಇಳಿಯದಿರುವುದು ಇದಕ್ಕೇ.

ಆ ಮಾತನ್ನು ಹೇಗೆ ಹೇಳುತ್ತೇವೆ ಎಂಬುದನ್ನು ನನಗೆ ಕಲಿಸಿದ್ದು ಇನ್ನೊಂದು ಪಂದ್ಯ. 2023ರ ಸೆಪ್ಟೆಂಬರ್ 30ರಂದು ಟಾಟನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್‌ನ ಲೂಯಿಸ್ ಡಿಯಾಸ್ ಹೊಡೆದ ಗೋಲನ್ನು ಮೈದಾನದಲ್ಲಿ ಆಫ್‌ಸೈಡ್ ಎಂದು ರದ್ದು ಮಾಡಲಾಗಿತ್ತು. ಅವನು ಆಫ್‌ಸೈಡಿನಲ್ಲಿ ಇರಲಿಲ್ಲ ಎಂಬುದು ವಿಡಿಯೊ ಕೊಠಡಿಗೆ ಸರಿಯಾಗಿಯೇ ತಿಳಿಯಿತು. ಆದರೆ ಮೈದಾನದಲ್ಲಿ ಗೋಲು ಕೊಟ್ಟಿದ್ದಾರೆಂದೇ ಭಾವಿಸಿದ್ದ ವಿಡಿಯೊ ರೆಫರಿ "ಪರಿಶೀಲನೆ ಮುಗಿಯಿತು" ಎಂದುಬಿಟ್ಟರು. ಆಟ ಮತ್ತೆ ಶುರುವಾಯಿತು, ಹಿಂದಿರುಗುವ ದಾರಿ ಮುಚ್ಚಿತು. ಬಿಡುಗಡೆಯಾದ ಆ ಧ್ವನಿಮುದ್ರಣವನ್ನು ಕೇಳಿದಾಗ ನನ್ನ ಹೊಟ್ಟೆಯಲ್ಲಿ ಸಂಕಟವಾಯಿತು. ಪರದೆಯ ಮೇಲೆ ಗೆರೆ ಎಳೆದು ಸ್ಥಾನ ನೋಡಿದವರು ಎಡವಲಿಲ್ಲ. ಏನು ತೀರ್ಪಾಗಿತ್ತು, ಈಗ ಏನಾಗಬೇಕು ಎಂಬ ಎರಡು ಪೂರ್ಣ ವಾಕ್ಯಗಳನ್ನು ಯಾರೂ ಆಡಲಿಲ್ಲ.

ಈಗ ಪಂದ್ಯಕ್ಕೆ ಮುಂಚೆ ರೆಫರಿಯೊಂದಿಗೆ ಎರಡು ನಿಮಿಷ ಕೂತು ಇದನ್ನೇ ಮಾತನಾಡಿಕೊಳ್ಳುತ್ತೇನೆ. ಸ್ಥಾನ ಖಚಿತ, ಅಡ್ಡಿ ಅನುಮಾನ ಎಂದಾದರೆ ನಾನು ಬಾವುಟ ಎತ್ತುವುದಿಲ್ಲ. ಗೋಲು ಸರಿಯಿದ್ದಾಗ ಮಾಡುವಂತೆ ಮಧ್ಯರೇಖೆಯ ಕಡೆಗೆ ಓಡುವುದೂ ಇಲ್ಲ. ನಿಂತಲ್ಲೇ ನಿಲ್ಲುತ್ತೇನೆ. ಅವರು ಬರುತ್ತಾರೆ.

ಕಳೆದ ಹಂಗಾಮಿನಲ್ಲಿ ಹೆಚ್ಚುಕಡಿಮೆ ಅಂಥದೇ ಗೋಲು ಬಂತು. ನಿಂತೆ. ಬೆಂಚಿನವರು ಕೂಗುತ್ತಿದ್ದರು, ಬಾವುಟದ ಹಿಡಿ ಬೆವರಿನಿಂದ ಜಾರುತ್ತಿತ್ತು. ರೆಫರಿ ಓಡಿ ಬಂದರು. "11ನೇ ಸಂಖ್ಯೆಯವನು ಆಫ್‌ಸೈಡ್ ಸ್ಥಾನದಲ್ಲಿದ್ದ, ಅದು ಖಚಿತ. ಚೆಂಡು ಮುಟ್ಟಲಿಲ್ಲ. ಗೋಲ್‌ಕೀಪರ್‌ಗೆ ಚೆಂಡು ಕಾಣುತ್ತಿತ್ತೇ ಎಂಬುದು ನನಗೆ ಇಲ್ಲಿಂದ ಕಾಣಲಿಲ್ಲ, ಸರ್" ಎಂದೆ. "ಕಾಣುತ್ತಿತ್ತು, ನಾನು ನೋಡಿದೆ" ಎಂದು ಅವರು ಮಧ್ಯರೇಖೆಯತ್ತ ಕೈ ತೋರಿಸಿದರು.

ಸೋತ ತಂಡದ ನಾಯಕ ಪಂದ್ಯ ಮುಗಿದ ಮೇಲೆ ಬಂದು, "ಸರ್, ಅವನು ಆಫ್‌ಸೈಡಿನಲ್ಲಿ ಇದ್ದ ಅಲ್ಲವೇ?" ಎಂದು ಕೇಳಿದ.

"ಇದ್ದ" ಎಂದೆ. ಆಮೇಲೆ ಬಾವುಟವನ್ನು ಸುತ್ತಿ ಪಕ್ಕಕ್ಕಿಟ್ಟು, ನೀರಿನ ಬಾಟಲಿಯನ್ನು ಗೋಲ್‌ಕೀಪರ್ ಮಾಡಿ, ಎರಡು ಬೂಟುಗಳನ್ನು ಎದುರಿಗಿಟ್ಟು ಅವನಿಗೆ ಉಳಿದದ್ದನ್ನು ತೋರಿಸಿದೆ.