ಸೆಕೆಂಡಿನ ಬದಲು ಬೆಳಕನ್ನು ಎಣಿಸಿದ ಯಂತ್ರ

ಸುಲ್ತಾನ್‌ಪೇಟೆಯ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ ನಾನು ಅಚ್ಚಾಗಬೇಕಾದ ಚಿತ್ರ, ಬರಹಗಳನ್ನು ಫಿಲ್ಮಿಗಿಳಿಸುವ ಪ್ರೊಸೆಸ್ ಕ್ಯಾಮೆರಾದ ಸಹಾಯಕನಾಗಿ ಸೇರಿದ್ದು ಎಂಬತ್ತರ ದಶಕದ ಕೊನೆಯಲ್ಲಿ. ಮೂಲಚಿತ್ರವನ್ನು ಗಾಜಿನಡಿ ಒತ್ತಿ ಹಿಡಿಯುವ ಹಲಗೆ ಒಂದು ಕಡೆ, ಫಿಲ್ಮನ್ನು ಹೀರಿ ಹಿಡಿಯುವ ವ್ಯಾಕ್ಯೂಮ್ ಬೋರ್ಡು ಇನ್ನೊಂದು ಕಡೆ, ನಡುವೆ ಲೆನ್ಸು. ಗಾತ್ರ ಬದಲಾದಾಗಲೆಲ್ಲ ದೂರಗಳನ್ನು ಹೊಂದಿಸಬೇಕಿತ್ತು. 480 ಮಿ.ಮೀ. ಲೆನ್ಸಿನಲ್ಲಿ ಇದ್ದಷ್ಟೇ ಗಾತ್ರಕ್ಕೆ ತೆಗೆಯುವಾಗ ಎರಡೂ ಕಡೆಗೆ 960 ಮಿ.ಮೀ.; ಅರ್ಧಕ್ಕೆ ಇಳಿಸಿದರೆ ಫಿಲ್ಮಿನ ಕಡೆ 720, ಚಿತ್ರದ ಕಡೆ 1440; ಎರಡರಷ್ಟು ಹಿಗ್ಗಿಸಿದರೆ ಇವೇ ಅಂಕಿಗಳು ಅದಲುಬದಲು. ಇಷ್ಟು ಖಚಿತವಾದ ಲೆಕ್ಕವನ್ನು ಯಂತ್ರಕ್ಕೆ ಒಪ್ಪಿಸುವುದು ಕಷ್ಟವಲ್ಲ. ತಾನೇ ಫೋಕಸ್ ಮಾಡಿಕೊಳ್ಳುವ ಕ್ಯಾಮೆರಾಗಳು ಬಂದಾಗ ನನಗೆ ಬೆರಗೇನೂ ಆಗಲಿಲ್ಲ.

ನಮ್ಮನ್ನು ಕಾಡಿದ್ದು ಸಂಜೆಯ ವೋಲ್ಟೇಜು. ಅದು ಶೇಕಡಾ 10ರಷ್ಟು ಇಳಿದರೆ ಹ್ಯಾಲೊಜೆನ್ ದೀಪದ ಬೆಳಕು ಸುಮಾರು ಶೇಕಡಾ 30ರಷ್ಟು ಇಳಿಯುತ್ತದೆ. ಸಾಲದ್ದಕ್ಕೆ ಉಳಿದ ಬೆಳಕು ಕೆಂಪಿಗೆ ತಿರುಗುತ್ತದೆ. ಅಚ್ಚ ಕಪ್ಪು-ಬಿಳುಪನ್ನಷ್ಟೇ ಹಿಡಿಯುವ ನಮ್ಮ ಲಿತ್ ಫಿಲ್ಮಿಗೋ ಕೆಂಪು ಕಾಣುವುದೇ ಇಲ್ಲ (ಡಾರ್ಕ್‌ರೂಮಿನಲ್ಲಿ ಕೆಂಪು ದೀಪ ಹಾಕಿಕೊಂಡು ನಾವು ಅದನ್ನು ಕತ್ತರಿಸುತ್ತಿದ್ದುದು ಅದೇ ಧೈರ್ಯದ ಮೇಲೆ). ಟೈಮರ್ ಮಾತ್ರ ತನ್ನ 20 ಸೆಕೆಂಡುಗಳನ್ನು ನಿಷ್ಠೆಯಿಂದ ಎಣಿಸಿ ನಿಲ್ಲುತ್ತಿತ್ತು. ಮದುವೆ ಸೀಸನ್ನಿನ ಒಂದು ಸಂಜೆ ಹಾಗೆ ತೆಗೆದ ಲಗ್ನಪತ್ರಿಕೆಯ ನೆಗೆಟಿವ್‌ಗಳನ್ನು ಲೈಟ್ ಟೇಬಲ್ಲಿನ ಮೇಲಿಟ್ಟಾಗ, ಕಡುಗಪ್ಪಾಗಿರಬೇಕಿದ್ದ ಹಿನ್ನೆಲೆಯ ತುಂಬ ಸೂಜಿಮೊನೆಯಷ್ಟು ತೂತುಗಳು ಹೊಳೆಯುತ್ತಿದ್ದವು. ರಾತ್ರಿ ಹನ್ನೊಂದರವರೆಗೆ ಹಿರಿಯ ಕ್ಯಾಮೆರಾಮನ್ನರೂ ನಾನೂ ಸಣ್ಣ ಕುಂಚದಿಂದ ಒಂದೊಂದಕ್ಕೂ ಬೆಳಕು ತಡೆಯುವ ಬಣ್ಣವಾದ ಒಪೇಕ್ ಹಚ್ಚುತ್ತ ಕುಳಿತೆವು. ವರನ ತಂದೆಯ ಇನಿಷಿಯಲ್ಲಿನ ಚುಕ್ಕೆಯನ್ನೂ ನಾನು ಮುಚ್ಚಿಬಿಟ್ಟಿದ್ದೆನೆಂಬುದು ಪತ್ರಿಕೆ ಅಚ್ಚಾದ ಮೇಲೆ ಗೊತ್ತಾಯಿತು.

ಮರುವರ್ಷ ಮಾಲೀಕರು ಲೈಟ್ ಇಂಟಿಗ್ರೇಟರ್ ಹಾಕಿಸಿದರು. ಹಲಗೆಯ ಅಂಚಿನಲ್ಲಿ ದೀಪಗಳಿಗೆ ಮುಖ ಮಾಡಿ ಕೂತ ಫೋಟೋಸೆಲ್ ಬಿದ್ದ ಬೆಳಕನ್ನು ಕೂಡಿಸುತ್ತ ಹೋಗುತ್ತಿತ್ತು. ಗೊತ್ತುಮಾಡಿದ ಮೊತ್ತ ಮುಟ್ಟಿದಾಗಲೇ ಶಟರ್ ಮುಚ್ಚುತ್ತಿತ್ತು. ದೀಪ ಮಂಕಾದ ಸಂಜೆ 20 ಸೆಕೆಂಡು ತಾನಾಗಿಯೇ 30 ಆಗುವುದನ್ನು ಕಂಡಾಗ, ಫೋಕಸ್ಸಿನ ಮೋಟರುಗಳಿಗಿಂತ ಈ ಪುಟ್ಟ ಪೆಟ್ಟಿಗೆಯೇ ಜಾಣ ಅನ್ನಿಸಿತು.

ಆದರೆ ಅದು ನೋಡುತ್ತಿದ್ದುದು ದೀಪವನ್ನು, ಚಿತ್ರವನ್ನಲ್ಲ. ಯಾರದೋ ಅಜ್ಜನ ಹಳದಿಗಟ್ಟಿದ ಫೋಟೊ ಬಂದರೆ, ಲಿತ್ ಫಿಲ್ಮಿಗೆ ಅದು ನಮ್ಮ ಕಣ್ಣಿಗಿಂತ ಕಪ್ಪಾಗಿ ಕಾಣುತ್ತಿದ್ದುದರಿಂದ, ಹಿರಿಯರು ಮೊದಲು ತುಂಡು ಫಿಲ್ಮಿನಲ್ಲಿ ಒಮ್ಮೆ ತೆಗೆದು, ಡೆವಲಪರ್ ಟ್ರೇಯಲ್ಲಿ ಅದು ಕಪ್ಪೇರುವುದನ್ನು ನೋಡುತ್ತಲೇ ಹೊಸ ಅಂಕಿ ಕೂಗುತ್ತಿದ್ದರು. ನಾನು ಹೊರಗಿನಿಂದ ಗುಂಡಿ ತಿರುಗಿಸುತ್ತಿದ್ದೆ.